ಜೋಡಿ ವ್ಯವಸ್ಥೆಗಳಲ್ಲಿ ಮಿಲಿಸೆಕೆಂಡ್ ಪಲ್ಸಾರ್‌ಗಳ ರೇಡಿಯೋ ಶೋಧ

ಮಿಲಿಸೆಕೆಂಡ್ ಪಲ್ಸಾರ್ ಎಂದರೆ ತನ್ನ ಅಕ್ಷದ ಮೇಲೆ ಸೆಕೆಂಡಿಗೆ ನೂರಾರು ಬಾರಿ ಸುತ್ತುವ ನ್ಯೂಟ್ರಾನ್ ನಕ್ಷತ್ರ. ಅದರಿಂದ ಹೊಮ್ಮುವ ರೇಡಿಯೋ ಕಿರಣಪುಂಜವು ದೀಪಸ್ತಂಭದ ಬೆಳಕಿನಂತೆ ಭೂಮಿಯನ್ನು ಹಾಯ್ದಾಗಲೆಲ್ಲ ಒಂದು ಮಿಡಿತ ದಾಖಲಾಗುತ್ತದೆ. ಇವುಗಳಲ್ಲಿ ಹೆಚ್ಚಿನವು ಸಂಗಾತಿ ನಕ್ಷತ್ರವೊಂದರೊಡನೆ ಜೋಡಿಯಾಗಿರುತ್ತವೆ. ಆ ಸಂಗಾತಿಯೇ ಇವುಗಳ ವೇಗಕ್ಕೆ ಕಾರಣ. ಇವುಗಳ ಶೋಧಕ್ಕೆ ದೊಡ್ಡ ಅಡ್ಡಿಯೂ ಅದೇ.

ವೇಗದ ಮೂಲ

1982ರಲ್ಲಿ ಡೊನಾಲ್ಡ್ ಬ್ಯಾಕರ್, ಹುಬ್ಬಳ್ಳಿಯಲ್ಲಿ ಬೆಳೆದ ಶ್ರೀನಿವಾಸ ಕುಲಕರ್ಣಿ ಮತ್ತು ಸಂಗಡಿಗರು ಪೋರ್ಟೊರಿಕೋದ ಅರೆಸಿಬೋ ದೂರದರ್ಶಕದಿಂದ 1.56 ಮಿಲಿಸೆಕೆಂಡಿಗೊಮ್ಮೆ ಸುತ್ತುವ ಪಲ್ಸಾರನ್ನು ಕಂಡುಹಿಡಿದರು. ಪಲ್ಸಾರ್‌ಗಳು ವಯಸ್ಸಾದಂತೆ ನಿಧಾನವಾಗುತ್ತವೆ. ಹಾಗಾದರೆ ಈ ವೇಗ ಎಲ್ಲಿಂದ ಬಂತು? ಅದೇ ವರ್ಷ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿ. ರಾಧಾಕೃಷ್ಣನ್ ಮತ್ತು ಜಿ. ಶ್ರೀನಿವಾಸನ್ ಉತ್ತರವೊಂದನ್ನು ಮುಂದಿಟ್ಟರು. ಸಂಗಾತಿಯಿಂದ ಹರಿದುಬರುವ ಅನಿಲವು ಸುಳಿಯಾಗಿ ಬೀಳುತ್ತಾ, ಚಾಟಿಯು ಬುಗುರಿಯನ್ನು ತಿರುಗಿಸುವಂತೆ, ಮುದಿ ನಕ್ಷತ್ರಕ್ಕೆ ಮರಳಿ ವೇಗ ಕೊಡುತ್ತದೆ. ಸೋಜಿಗವೆಂದರೆ ಆ ಮೊದಲ ಪಲ್ಸಾರ್ ಒಂಟಿಯಾಗಿತ್ತು. ಸಂಗಾತಿಯುಳ್ಳ ಮಿಲಿಸೆಕೆಂಡ್ ಪಲ್ಸಾರ್ ಮರುವರ್ಷ ದೊರೆಯಿತು.

ಶೋಧದ ತೊಡಕುಗಳು

ಬಿಡಿ ಮಿಡಿತಗಳು ಸಾಮಾನ್ಯವಾಗಿ ಹಿನ್ನೆಲೆಯ ಗದ್ದಲದಲ್ಲಿ ಮುಳುಗಿರುತ್ತವೆ. ಆದ್ದರಿಂದ ದೀರ್ಘಕಾಲದ ದತ್ತಾಂಶವನ್ನು ಸಂಗ್ರಹಿಸಿ, ಫೂರಿಯರ್ ವಿಶ್ಲೇಷಣೆಯಿಂದ ಅದರೊಳಗಿನ ನಿಯತ ಲಯವನ್ನು ಹುಡುಕುತ್ತಾರೆ. ಅದಕ್ಕೂ ಮೊದಲು ಇನ್ನೊಂದು ಕೆಲಸವಿದೆ: ಅಂತರತಾರಾ ಪ್ರದೇಶದ ಎಲೆಕ್ಟ್ರಾನುಗಳಿಂದಾಗಿ ಕಡಿಮೆ ಆವರ್ತಾಂಕದ ಅಲೆಗಳು ತಡವಾಗಿ ತಲುಪುವುದರಿಂದ, ಆ ವಿಳಂಬವನ್ನು ಸರಿಪಡಿಸಬೇಕು.

ಜೋಡಿಯಲ್ಲಿ ಲಯವೇ ನಿಯತವಾಗಿ ಕಾಣದು. ಕಕ್ಷೆಯಲ್ಲಿ ಪಲ್ಸಾರ್ ನಮ್ಮತ್ತ ಬರುವಾಗ ಮಿಡಿತಗಳು ಒತ್ತೊತ್ತಾಗಿಯೂ, ದೂರ ಸರಿಯುವಾಗ ವಿರಳವಾಗಿಯೂ ತಲುಪುತ್ತವೆ. ರೈಲಿನ ಸಿಳ್ಳಿನ ಸ್ವರವನ್ನು ಬದಲಿಸುವ ಡಾಪ್ಲರ್ ಪರಿಣಾಮವೇ ಇದು. ಫಲವಾಗಿ ಸಂಕೇತದ ಬಲ ಒಂದೇ ಆವರ್ತಾಂಕದಲ್ಲಿ ನಿಲ್ಲದೆ ಹಲವೆಡೆ ಹರಡಿ ಕ್ಷೀಣಿಸುತ್ತದೆ. ಇದಕ್ಕೆ ಪರಿಹಾರ ವೇಗೋತ್ಕರ್ಷ ಶೋಧ: ಪಲ್ಸಾರಿನ ವೇಗೋತ್ಕರ್ಷಕ್ಕೆ ಅನೇಕ ಮೌಲ್ಯಗಳನ್ನು ಊಹಿಸಿ, ಪ್ರತಿಯೊಂದಕ್ಕೂ ದತ್ತಾಂಶವನ್ನು ಹಿಗ್ಗಿಸಿ ಕುಗ್ಗಿಸಿ ನೋಡುವುದು. ವೀಕ್ಷಣೆಯ ಅವಧಿ ಕಕ್ಷಾವಧಿಯ ಸುಮಾರು ಹತ್ತನೆಯ ಒಂದು ಭಾಗವನ್ನು ಮೀರಿದರೆ ಈ ವಿಧಾನ ಸೋಲತೊಡಗುತ್ತದೆ. ಅವಧಿಯನ್ನು ಕಡಿತಗೊಳಿಸಿದರೆ ಮಂದ ಸಂಕೇತಗಳು ಕೈತಪ್ಪುತ್ತವೆ. ಅಂದರೆ ಅತಿ ವೇಗದ, ಅತಿ ಇಕ್ಕಟ್ಟಾದ ಕಕ್ಷೆಯ ಪಲ್ಸಾರ್‌ಗಳೇ ಶೋಧಕರಿಗೆ ಸುಲಭವಾಗಿ ತಪ್ಪಿಹೋಗುತ್ತವೆ.

ಟರ್ಜಾನ್ 5 ನಕ್ಷತ್ರಗುಚ್ಛದ ಪಲ್ಸಾರ್

ಜೇಸನ್ ಹೆಸಲ್ಸ್ ಮತ್ತು ಸಂಗಡಿಗರು ಅಮೆರಿಕದ ಗ್ರೀನ್ ಬ್ಯಾಂಕ್ ದೂರದರ್ಶಕದಿಂದ ಕಂಡು 2006ರಲ್ಲಿ ಪ್ರಕಟಿಸಿದ ಪಿಎಸ್‌ಆರ್ ಜೆ1748-2446ಎಡಿ ಸೆಕೆಂಡಿಗೆ 716 ಸುತ್ತು ಹಾಕುತ್ತದೆ. ಸುಮಾರು 26 ಗಂಟೆಗಳ ಅದರ ಕಕ್ಷೆಯ ಶೇಕಡ 40ರಷ್ಟು ಭಾಗದಲ್ಲಿ ಸಂಗಾತಿಯ ಅನಿಲವು ರೇಡಿಯೋ ಸಂಕೇತಕ್ಕೆ ಗ್ರಹಣ ಹಿಡಿಸುತ್ತದೆ. ನ್ಯೂಟ್ರಾನ್ ನಕ್ಷತ್ರವು ಯಾವ ವೇಗದಲ್ಲಿ ಛಿದ್ರವಾಗುತ್ತದೆ ಎಂಬುದು ಅದರ ಒಳದ್ರವ್ಯದ ಸ್ವರೂಪವನ್ನು ಅವಲಂಬಿಸಿರುವುದರಿಂದ, ಇದಕ್ಕಿಂತ ವೇಗದ ಪಲ್ಸಾರ್ ದೊರೆತರೆ ಕೆಲವು ಸಿದ್ಧಾಂತಗಳನ್ನೇ ಕೈಬಿಡಬೇಕಾದೀತು. ಆದ್ದರಿಂದ ಈ ಮಿತಿ ನಿಸರ್ಗದ್ದೋ ನಮ್ಮ ಶೋಧವಿಧಾನದ್ದೋ ಎಂಬ ಪ್ರಶ್ನೆ ಕೇವಲ ದಾಖಲೆಯ ವಿಷಯವಲ್ಲ.

ಮತ್ತೆ ಮತ್ತೆ ಹುಡುಕುವ ಅಗತ್ಯ

ಒಮ್ಮೆ ಕಾಣದಿದ್ದರೆ ಪಲ್ಸಾರ್ ಇಲ್ಲವೆಂದು ತೀರ್ಮಾನಿಸುವಂತಿಲ್ಲ. ಪಿಎಸ್‌ಆರ್ ಜೆ1023+0038ರ ಸುತ್ತ 2001ರಲ್ಲಿ ಅನಿಲದ ತಟ್ಟೆಯಿತ್ತು. 2007ರ ವೀಕ್ಷಣೆಯಲ್ಲಿ ಅದು ರೇಡಿಯೋ ಪಲ್ಸಾರ್ ಆಗಿ ಕಂಡಿತು. 2013ರ ಜೂನ್‌ನಲ್ಲಿ ರೇಡಿಯೋ ಮಿಡಿತಗಳು ಮರೆಯಾಗಿ ತಟ್ಟೆ ಮತ್ತೆ ರೂಪುಗೊಂಡಿತು.