ಕ್ರೌನ್ 1/8 ಅಳತೆಯ ಟ್ಯಾಬ್

ಕನ್ನಡ ಪುಸ್ತಕಗಳ ಮೊದಲ ಪುಟಗಳಲ್ಲಿ ಪ್ರಕಾಶಕರ ವಿಳಾಸ, ಮುದ್ರಣಾಲಯ, ಬೆಲೆ ಇವುಗಳ ನಡುವೆ ಯಾರೂ ಓದದ ಒಂದು ಸಾಲಿರುತ್ತದೆ. ಬಳಸಿದ ಕಾಗದ ಇಷ್ಟು ಜಿಎಸ್‌ಎಂ, ಆಕಾರ ಕ್ರೌನ್ 1/8 ಅಥವಾ ಡೆಮಿ 1/8. ಕ್ರೌನ್ ಹಾಳೆಯ ಅಳತೆ 15×20 ಇಂಚು. ಅದನ್ನು ಎಂಟು ಪಾಲು ಮಾಡಿದರೆ 5×7.5 ಇಂಚಿನ ಪುಟ. ಹಳೆಯ ಕಾದಂಬರಿಗಳು, ಶಾಲಾ ಬಹುಮಾನದ ಕಥೆಪುಸ್ತಕಗಳು, ಅಜ್ಜಿಯ ಹಾಡಿನ ಪುಸ್ತಕ ಹೆಚ್ಚಾಗಿ ಈ ಅಳತೆಯವೇ.

ಈಗ ಹತ್ತು ಹನ್ನೆರಡು ಸಾವಿರಕ್ಕೆ ಸಿಗುವ 8.7 ಇಂಚಿನ ಟ್ಯಾಬ್ ಒಂದರ ಮೇಲೆ ಸ್ಕೇಲ್ ಇಟ್ಟು ನೋಡಿ. ಪರದೆ ಅಗಲ ನಾಲ್ಕೂವರೆ ಇಂಚು, ಎತ್ತರ ಹತ್ತಿರ ಹತ್ತಿರ ಏಳೂವರೆ. ಕ್ರೌನ್ 1/8 ಪುಟಕ್ಕಿಂತ ಅಗಲದಲ್ಲಿ ಅರ್ಧ ಇಂಚು ಕಡಿಮೆ, ಅಷ್ಟೆ. ಆ ಅರ್ಧ ಇಂಚನ್ನೂ ಪುಸ್ತಕದ ಅಂಚಿನ ಖಾಲಿ ಜಾಗವೇ ತುಂಬಿಕೊಡುತ್ತದೆ. ಅಂಚು ಕತ್ತರಿಸಿ ತೋರಿಸುವ ಸೌಲಭ್ಯ ರೀಡ್‌ಎರಾದಂಥ ಉಚಿತ ಆ್ಯಪ್‌ಗಳಲ್ಲಿದೆ. ಅದನ್ನು ಒತ್ತಿದರೆ ಅಕ್ಷರ ಮೂಲ ಪುಸ್ತಕಕ್ಕಿಂತ ತುಸು ದೊಡ್ಡದಾಗಿಯೇ ಕಾಣುತ್ತದೆ. ಇದೇ ಪುಟವನ್ನು ಆರೂವರೆ ಇಂಚಿನ ಮೊಬೈಲ್‌ನಲ್ಲಿ ತೆರೆದರೆ ಅಗಲ ಎರಡೂಮುಕ್ಕಾಲು ಇಂಚೂ ಇರದು, ಪುಟ ಅರ್ಧಕ್ಕೆ ಕುಗ್ಗುತ್ತದೆ. ಸಣ್ಣ ಟ್ಯಾಬ್ ಮಾಡಿದವರ ತಲೆಯಲ್ಲಿ ಕನ್ನಡ ಪುಸ್ತಕ ಇತ್ತೆಂದು ನಾನೇನೂ ಹೇಳುತ್ತಿಲ್ಲ. ಆದರೆ ಅಗ್ಗದ ಟ್ಯಾಬ್ ಕೊಂಡು ಸಿನಿಮಾ ನೋಡಿ, ಆಟ ಆಡಿ, ನಿಧಾನವಾಯಿತೆಂದು ಬೈದು ಕಪಾಟಿಗೆ ಸೇರಿಸಿದವರಿಗೆ ಅದು ಯಾವ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ ಎಂಬುದು ಗೊತ್ತಾಗುವುದೇ ಇಲ್ಲ.

ಓದಲು ಏನಿದೆ ಎಂದರೆ, ಬೇಕಾದಷ್ಟಿದೆ. 2000ದ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಕೇಂದ್ರವಾಗಿಟ್ಟುಕೊಂಡು ನಡೆದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆ ಸಾವಿರಾರು ಕನ್ನಡ ಪುಸ್ತಕಗಳನ್ನು ಸ್ಕ್ಯಾನ್ ಮಾಡಿತು. ಮೂಲ ಜಾಲತಾಣ ನಿಂತುಹೋದರೂ ಪ್ರತಿಗಳು ಇಂಟರ್ನೆಟ್ ಆರ್ಕೈವ್‌ನಲ್ಲಿ ಉಳಿದವು. ನಮ್ಮ ಕಾನೂನಿನ ಪ್ರಕಾರ ಲೇಖಕರು ತೀರಿಕೊಂಡ ವರ್ಷ ಮುಗಿದು 60 ವರ್ಷ ಕಳೆದರೆ ಹಕ್ಕುಸ್ವಾಮ್ಯ ಇರುವುದಿಲ್ಲ. ಹಾಗಾಗಿ ಕೆರೂರು ವಾಸುದೇವಾಚಾರ್ಯ (ನಿಧನ 1921), ಎಂ.ಎಸ್. ಪುಟ್ಟಣ್ಣ (1930), ಪಂಜೆ ಮಂಗೇಶರಾಯರು (1937), ಗಳಗನಾಥರು (1942), ಬಿ.ಎಂ.ಶ್ರೀ (1946) ಎಲ್ಲರ ಬರಹವೂ ಮುಕ್ತ. 1975ರಲ್ಲಿ ತೀರಿಕೊಂಡ ಡಿ.ವಿ.ಜಿ. ಅವರ ಪುಸ್ತಕಗಳಿಗೆ 2035ರ ಕೊನೆಯವರೆಗೆ ಕಾಯಬೇಕು. ಸ್ಕ್ಯಾನ್ ಪ್ರತಿ ಜಾಲದಲ್ಲಿ ಕಣ್ಣಿಗೆ ಬಿತ್ತು ಎಂದಮಾತ್ರಕ್ಕೆ ಅದು ಮುಕ್ತವೆಂದು ಅರ್ಥವಲ್ಲ. ಈ ವಿಷಯದಲ್ಲಿ ನಮ್ಮ ವಾಟ್ಸ್‌ಆ್ಯಪ್ ಸಾಹಿತ್ಯಪ್ರೇಮಿಗಳು ತುಂಬ ಉದಾರಿಗಳು.

ನಮ್ಮ ದೊಡ್ಡಪ್ಪನವರು ಹೈಸ್ಕೂಲ್ ಮೇಷ್ಟರಾಗಿದ್ದು ನಿವೃತ್ತರಾದವರು. ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿದೆ. ಟ್ಯಾಬನ್ನು ನೆಟ್ಟಗೆ ಹಿಡಿದರೆ ಅವರಿಗೆ ಸಾಲದು. ಅಡ್ಡ ತಿರುಗಿಸಿ ಕೊಟ್ಟಾಗ ಐದಿಂಚಿನ ಪುಟ ಏಳೂವರೆ ಇಂಚಿಗೆ ಹಿಗ್ಗಿತು, ಅಂಚು ಕತ್ತರಿಸಿದ ಮೇಲೆ ಅಕ್ಷರ ಹೆಚ್ಚುಕಡಿಮೆ ಎರಡರಷ್ಟಾಯಿತು. ಪುಟವನ್ನು ಎರಡು ಮೂರು ಸಲ ಮೇಲಕ್ಕೆ ಸರಿಸಬೇಕು, ಅದಕ್ಕೆ ಅವರ ತಕರಾರಿಲ್ಲ. "ಪುಸ್ತಕದ ಅಂಗಡಿಯವನು ದೊಡ್ಡಕ್ಷರದ ಪ್ರತಿ ಕೊಡು ಅಂದ್ರೆ ಕೊಡ್ತಿದ್ನೇನೋ?" ಎಂದರು. ಇಂಗ್ಲಿಷ್‌ನಲ್ಲಿರುವಂತೆ ದೊಡ್ಡಕ್ಷರದ ಆವೃತ್ತಿ ತರುವ ರೂಢಿ ಕನ್ನಡ ಪ್ರಕಾಶನದಲ್ಲಿ ಬೆಳೆಯಲೇ ಇಲ್ಲ. ಓದುಗರಲ್ಲಿ ವಯಸ್ಸಾದವರೇ ಹೆಚ್ಚೆಂದು ಸಭೆಗಳಲ್ಲಿ ಗೊಣಗುವ ಪ್ರಕಾಶಕರು ಅಕ್ಷರದ ಗಾತ್ರ ಮಾತ್ರ ಹಿಗ್ಗಿಸುವುದಿಲ್ಲ.

ಸ್ಕ್ಯಾನ್ ಪ್ರತಿ ಬಿಟ್ಟು ಇ-ಪುಸ್ತಕಕ್ಕೆ ಬಂದರೆ ಕಷ್ಟ ಬೇರೆ ಥರದ್ದು. ಅಗ್ಗದ ಟ್ಯಾಬಿನ ಪರದೆಯಲ್ಲಿ ಇಂಚಿಗೆ 180ರ ಆಸುಪಾಸು ಚುಕ್ಕಿಗಳು. ಒಳ್ಳೆಯ ಮೊಬೈಲ್‌ನಲ್ಲಿ 400 ಇರುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಈ ಕೊರತೆ ಅಷ್ಟಾಗಿ ತಾಗದು, ಕನ್ನಡಕ್ಕೆ ನೇರವಾಗಿ ತಾಗುತ್ತದೆ. ನಮ್ಮ ಒತ್ತಕ್ಷರ ಸಾಲಿನ ಕೆಳಗೆ ಸಣ್ಣದಾಗಿ ಕೂರುತ್ತದೆ. 'ರಾಷ್ಟ್ರ' ಎಂದು ಬರೆದರೆ ಷಕಾರಕ್ಕೆ ಟಕಾರದ ಒತ್ತು, ಅದರ ಮೇಲೆ ರಕಾರದ ಒತ್ತು. ಸಣ್ಣ ಗಾತ್ರದಲ್ಲಿ ಅಲ್ಲೊಂದು ಕಪ್ಪು ಮುದ್ದೆ ಮಾತ್ರ ಕಾಣುತ್ತದೆ. ಅಕ್ಷರ ದೊಡ್ಡದು ಮಾಡಿದರೆ ಸಾಲದು, ಸಾಲುಗಳ ನಡುವಿನ ಅಂತರವನ್ನೂ ಹೆಚ್ಚಿಸಬೇಕು, ಇಲ್ಲವಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಇಂಗ್ಲಿಷ್ ಲೆಕ್ಕದಲ್ಲಿ ಕೂರಿಸಿದ ಆ್ಯಪ್‌ಗಳ ಅಂತರ ಕನ್ನಡಕ್ಕೆ ಯಾವಾಗಲೂ ಬಿಗಿ.

ಬರೆಯುವುದಕ್ಕೂ ಈ ಅಗಲ ಒದಗುತ್ತದೆ. ಗೂಗಲ್ ಕೀಲಿಮಣೆಯಲ್ಲಿ ಕನ್ನಡ ಕೈಬರಹದ ವ್ಯವಸ್ಥೆ ಇದೆ. ಬೆರಳಿನಲ್ಲಿ ಗೀಚಿದರೆ ಅಚ್ಚಿನ ಅಕ್ಷರವಾಗುತ್ತದೆ. ಮೊಬೈಲ್‌ನಲ್ಲಿ ಎರಡಕ್ಷರ ಬರೆಯುವಷ್ಟರಲ್ಲಿ ಜಾಗ ಮುಗಿದಿರುತ್ತದೆ, ಟ್ಯಾಬಿನಲ್ಲಿ ಒಂದು ಪೂರ್ತಿ ಪದ ಹಿಡಿಸುತ್ತದೆ. ಕೀಲಿಮಣೆ ಕಲಿಯಲು ಒಪ್ಪದ ಹಿರಿಯರು ಇದಕ್ಕೆ ಬೇಗ ಒಗ್ಗುತ್ತಾರೆ, ಕಾಗದದ ಮೇಲೆ ಬರೆದು ಬಂದ ಕೈ ಅಲ್ಲವೆ.

ಉಳಿದ ಉಪಯೋಗಗಳನ್ನು ಬೇಗ ಹೇಳಿಬಿಡುತ್ತೇನೆ. ವಿಡಿಯೊ ಕಾಲ್‌ಗೆ ಸಾಕು. ಒಟಿಟಿ ಚಿತ್ರಗಳು ಕೆಲವು ಅಗ್ಗದ ಮಾದರಿಗಳಲ್ಲಿ ಎಚ್‌ಡಿಯಾಗಿ ಬರುವುದಿಲ್ಲ. ಕ್ಯಾಮೆರಾ ಇದೆ ಅಷ್ಟೆ. ಎಷ್ಟೋ ಮಾದರಿಗಳಲ್ಲಿ ಬೆಳಕು ಗ್ರಹಿಸುವ ಸೆನ್ಸರ್ ಇಲ್ಲ, ಜಗುಲಿಯಿಂದ ಕೋಣೆಗೆ ಬಂದರೆ ಪ್ರಖರತೆಯನ್ನು ಕೈಯಾರೆ ತಗ್ಗಿಸಬೇಕು. ಸಂಗೀತ ಕಲಿಯುವ ಮಕ್ಕಳಿರುವ ಮನೆಯಲ್ಲಿ ಶ್ರುತಿಪೆಟ್ಟಿಗೆಯ ಆ್ಯಪ್ ಹಾಕಿಟ್ಟರೆ ಒಂದು ಗಂಟೆ ಟ್ಯಾಬ್ ಬೇರೆ ಯಾರಿಗೂ ಸಿಗದು. ಚಾರ್ಜರ್ 10 ಅಥವಾ 15 ವಾಟಿನದು, ಬ್ಯಾಟರಿ ಪೂರ್ತಿ ತುಂಬಲು ಎರಡು ಮೂರು ಗಂಟೆ ಬೇಕು.

ಅಗ್ಗದ ಕೈಗಣಕದ ಕನಸು ಮೊದಲು ಹುಟ್ಟಿದ ಊರುಗಳಲ್ಲಿ ಬೆಂಗಳೂರೂ ಒಂದು. 1990ರ ದಶಕದ ಕೊನೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರು ಸೇರಿ ರೂಪಿಸಿದ ಸಿಂಪ್ಯೂಟರ್ ಓದುಬರಹ ಬಾರದವರಿಗೂ ಅವರ ಭಾಷೆಯಲ್ಲಿ ಓದಿ ಹೇಳಬೇಕೆಂಬ ಗುರಿ ಇಟ್ಟುಕೊಂಡಿತ್ತು. 2004ರಲ್ಲಿ ಬಿಇಎಲ್ ಜೊತೆಗೂಡಿ 'ಅಮಿಡಾ' ಹೆಸರಿನಲ್ಲಿ ಅದು ಮಾರುಕಟ್ಟೆಗೆ ಬಂತು. ಕೈ ತುಸು ಓಲಾಡಿಸಿದರೆ ಪುಟ ತಿರುಗುವ ತಂತ್ರ ಅದರಲ್ಲಿತ್ತು, ಐಫೋನ್ ಬರುವುದಕ್ಕೆ ಮೂರು ವರ್ಷ ಮೊದಲೇ. ಆದರೂ ಸೋತಿತು. 2011ರಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ತಂದ 'ಆಕಾಶ್' ಟ್ಯಾಬಿಗೆ ಏಳು ಇಂಚಿನ ಪರದೆ, 256 ಎಂಬಿ ರ‍್ಯಾಮ್. ಮುಟ್ಟಿದರೆ ಸಾಲದು, ಉಗುರಿನಿಂದ ಒತ್ತಬೇಕಿತ್ತು. ಬೆಲೆ ಕಡಿಮೆ ಮಾಡಬೇಕೆಂಬ ಒಂದೇ ಹಟದಲ್ಲಿ ಅದನ್ನು ಬಳಸುವವರ ಬೆರಳನ್ನು ಮರೆತಿದ್ದರು. ಕೋವಿಡ್ ಹೊತ್ತಿನಲ್ಲಿ, 2021ರಲ್ಲಿ, ಕರ್ನಾಟಕ ಸರ್ಕಾರವೇ ಸರ್ಕಾರಿ ಕಾಲೇಜುಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳಿಗೆ ಟ್ಯಾಬ್ ಹಂಚಲು ಹೊರಟಾಗ ವಸ್ತುವಿನ ಗುಣಮಟ್ಟ ಎಷ್ಟೋ ಮೇಲೆ ಬಂದಿತ್ತು. ಆ ಟ್ಯಾಬ್‌ಗಳಲ್ಲಿ ಅರ್ಧದಷ್ಟಾದರೂ ಇಂದು ಯಾವುದೋ ಮನೆಯ ಟಿ.ವಿ. ಸ್ಟ್ಯಾಂಡಿನ ಖಾನೆಯಲ್ಲಿ ಮಲಗಿರಬಹುದು ಎಂದು ನನ್ನ ಅನುಮಾನ. ತೆಗೆದು ಧೂಳು ಒರೆಸಿ, ಇರುವ ಆಟಗಳನ್ನೆಲ್ಲ ಅಳಿಸಿ, ನಾಲ್ಕು ಪಿಡಿಎಫ್ ಹಾಕಿಕೊಟ್ಟರೆ ಅಜ್ಜನೋ ಅಜ್ಜಿಯೋ ಇನ್ನೆರಡು ವರ್ಷ ಓದಿಯಾರು.

ಹೊಸದು ಕೊಳ್ಳುವುದಿದ್ದರೆ 4 ಜಿಬಿ ರ‍್ಯಾಮ್‌ಗಿಂತ ಕಡಿಮೆಯದು ಬೇಡ. 32 ಜಿಬಿ ಸ್ಟೋರೇಜ್ ಎಂದು ಬರೆದಿದ್ದರೂ ಆಂಡ್ರಾಯ್ಡ್ ತಾನೇ ಬಹಳಷ್ಟು ನುಂಗಿರುತ್ತದೆ. ಜಾಗ ತುಂಬಿದಂತೆ ಅಗ್ಗದ ಟ್ಯಾಬ್ ತೆವಳುತ್ತದೆ, ಆದ್ದರಿಂದ ಪುಸ್ತಕಗಳಿಗೆಂದೇ ಒಂದು ಮೆಮೊರಿ ಕಾರ್ಡ್ ಇರಲಿ. ಸಿಮ್ ಹಾಕುವ ಮಾದರಿಗೆ ಹೆಚ್ಚು ದುಡ್ಡು ಕೊಡುವ ಅಗತ್ಯ ನನಗಂತೂ ಕಂಡಿಲ್ಲ. ಪುಸ್ತಕ ಇಳಿಸಿಕೊಳ್ಳುವಾಗ ಮಾತ್ರ ಮೊಬೈಲ್‌ನ ಹಾಟ್‌ಸ್ಪಾಟ್ ಸಾಕು.

ಅಂಗಡಿಯಲ್ಲಿ ಟ್ಯಾಬ್ ಕೇಳಿದರೆ ಹುಡುಗ ಮೊದಲು ಒಂದು ವಿಡಿಯೊ ಹಾಕಿ ತೋರಿಸುತ್ತಾನೆ, ಸಮುದ್ರ, ಗಿಳಿ, ಬಣ್ಣದ ಹೂ. ಅದನ್ನು ನಂಬಬೇಡಿ. ವಿಡಿಯೊ ಬಿಡಿಸಲು ಚಿಪ್ಪಿನೊಳಗೆ ಪ್ರತ್ಯೇಕ ಭಾಗವೇ ಇರುತ್ತದೆ, ಎಂಥ ಅಗ್ಗದ ಟ್ಯಾಬಿನಲ್ಲೂ ಅದು ಸರಾಗವಾಗಿ ಓಡುತ್ತದೆ. ಸ್ಕ್ಯಾನ್ ಮಾಡಿದ ಪುಸ್ತಕಕ್ಕೆ ಆ ನೆರವಿಲ್ಲ, ಪ್ರತಿ ಪುಟವೂ ಒಂದು ಭಾರದ ಚಿತ್ರ, ಬಿಡಿಸುವ ಹೊರೆಯೆಲ್ಲ ಪ್ರೊಸೆಸರ್ ಮೇಲೆ. ಗಳಗನಾಥರದ್ದೊಂದು ಕಾದಂಬರಿಯ ಸ್ಕ್ಯಾನ್ ಪ್ರತಿಯನ್ನು ಮೆಮೊರಿ ಕಾರ್ಡಿಗೆ ಹಾಕಿಕೊಂಡು ಹೋಗಿ, ಅದನ್ನೇ ತೆರೆಯಲು ಹೇಳಿ. ಹತ್ತಿಪ್ಪತ್ತು ಪುಟ ಸರಸರನೆ ತಿರುವಿ. ಪುಟ ಬಿಳಿಯಾಗಿ ನಿಂತು ಎರಡು ಮೂರು ಸೆಕೆಂಡ್ ಯೋಚಿಸಿದರೆ ಪಕ್ಕದ ಮಾದರಿ ಕೇಳಿ. ಹುಡುಗ ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.