ಆಮದು ಮರಹಲಗೆಗಳ ಸುಂಕವರ್ಗೀಕರಣ

ವಾಣಿಜ್ಯದ ಅಂಕಿ ಅಂಶಗಳನ್ನು ಆಧಾರವಾಗಿಟ್ಟುಕೊಂಡು ಆರ್ಥಿಕ ಚರಿತ್ರೆಯನ್ನು ಬರೆಯುವವರು, ಆ ಅಂಕಿಗಳು ಯಾವ ಪಟ್ಟಿಯ ಯಾವ ಸಾಲಿನಿಂದ ಬಂದವೆಂಬುದನ್ನು ವಿಚಾರಿಸುವುದು ಅಪೂರ್ವ. ಶಾಸನದ ಪಾಠವನ್ನು ಪರಿಶೀಲಿಸುವಾಗ ನಾವು ತೋರುವ ಎಚ್ಚರ ಸುಂಕದ ಪಟ್ಟಿಯನ್ನು ತೆರೆದೊಡನೆ ಮರೆಯಾಗುತ್ತದೆ. ಈ ಲೇಖಕನೂ ಹಿಂದೊಮ್ಮೆ ನಾರುಹಲಗೆಯ ಆಮದಿನ ಕೋಷ್ಟಕವೊಂದನ್ನು ಸಿದ್ಧಪಡಿಸುತ್ತ, 2007ರಲ್ಲಿ ಒಂದು ಬಗೆಯ ಹಲಗೆ ಹಠಾತ್ತನೆ ಮಾಯವಾಗಿ ಇನ್ನೊಂದು ಹುಟ್ಟಿಕೊಂಡುದನ್ನು ಕಂಡು, ಅದಕ್ಕೊಂದು ಆರ್ಥಿಕ ಕಾರಣವನ್ನೂ ಕಲ್ಪಿಸಿಕೊಂಡದ್ದುಂಟು. ಆಮದು ನಿಂತಿರಲಿಲ್ಲ, ಪಟ್ಟಿಯ ಸಾಲುಗಳು ಬದಲಾಗಿದ್ದುವು. ಆ ತಪ್ಪು ಇತರರಿಗೂ ಒದಗಬಾರದೆಂಬ ಉದ್ದೇಶದಿಂದ ಈ ವಿವರಣೆಯನ್ನು ಬರೆಯಲಾಗಿದೆ.

ಭಾರತದಲ್ಲಿ ಪದರಹಲಗೆಯ, ಎಂದರೆ ಪ್ಲೈವುಡ್ಡಿನ, ಸುಂಕದ ಪ್ರಶ್ನೆ ಮೊದಲು ಎದ್ದುದು ಚಹಾಪೆಟ್ಟಿಗೆಯ ಸಂಬಂಧವಾಗಿ. ತೋಟಗಳಿಗೆ ಬೇಕಾದ ಪೆಟ್ಟಿಗೆಗಳು ಹೊರಗಿನಿಂದ ಬರುತ್ತಿದ್ದ ಕಾಲದಲ್ಲಿ, ದೇಶೀಯ ಕಾರ್ಖಾನೆಗಳಿಗೆ ರಕ್ಷಣೆ ಬೇಕೆ ಎಂಬುದನ್ನು ಸುಂಕ ಮಂಡಳಿಯು 1927ರಲ್ಲಿ ವಿಚಾರಣೆ ಮಾಡಿತು. ಆ ಹೊತ್ತಿಗೆ ರಾಷ್ಟ್ರಗಳಿಗೆಲ್ಲ ಸಮಾನವಾದ ಪಟ್ಟಿ ಇರಲಿಲ್ಲ. ರಾಷ್ಟ್ರಸಂಘವು 1931ರಲ್ಲಿ ಒಂದು ಕರಡನ್ನು ಸಿದ್ಧಪಡಿಸಿತು. ಅನಂತರ 1950ರ ಬ್ರಸೆಲ್ಸ್ ಒಪ್ಪಂದದ ನಾಮಾವಳಿ ಬಂದಿತು. ನಮ್ಮ 1975ರ ಸುಂಕಪಟ್ಟಿ ಕಾಯಿದೆ ಅದನ್ನೇ ಅನುಸರಿಸಿತು. ಈಗ ಬಳಕೆಯಲ್ಲಿರುವ ಸಮನ್ವಿತ ಪದ್ಧತಿಯ ಒಪ್ಪಂದವು 1983ರಲ್ಲಿ ಅಂಗೀಕೃತವಾಗಿ 1988ರಲ್ಲಿ ಜಾರಿಗೆ ಬಂದಿತು. ಭಾರತ ಅದಕ್ಕೂ ಮುಂಚೆ, 1986ರಲ್ಲಿಯೇ, ತನ್ನ ಪಟ್ಟಿಯನ್ನು ಅದಕ್ಕೆ ಹೊಂದಿಸಿಕೊಂಡಿತು. ಮೊದಲ ಆರು ಅಂಕಿಗಳು ಎಲ್ಲ ದೇಶಗಳಿಗೂ ಸಮಾನ. ಅದರ ಮುಂದಿನವು ಆಯಾ ದೇಶದ ಇಷ್ಟ. ನಮ್ಮಲ್ಲಿ ಎಂಟು ಅಂಕಿಗಳಿವೆ.

ಮರದ ಪದಾರ್ಥಗಳು ಈ ಪದ್ಧತಿಯ 44ನೆಯ ಅಧ್ಯಾಯದಲ್ಲಿವೆ. ಹಲಗೆಗಳ ಮಟ್ಟಿಗೆ ಮುಖ್ಯವಾದ ಶೀರ್ಷಿಕೆಗಳು ಮೂರು. ಮರದ ಚೂರುಗಳನ್ನು ಅಂಟಿನಿಂದ ಒತ್ತಿದ ಹಲಗೆ 4410ಕ್ಕೆ ಸೇರುತ್ತದೆ. ಮರವನ್ನು ನಾರಾಗಿ ಬಿಡಿಸಿ ಮಾಡಿದುದು 4411ಕ್ಕೆ. ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿದುದು 4412ಕ್ಕೆ. ಅಂಗಡಿಯವನು ಮೂರನ್ನೂ ಒಂದೇ ಗೋಡೆಗೆ ಒರಗಿಸಿಟ್ಟು ಮಾರಬಹುದು. ಸುಂಕದ ಅಧಿಕಾರಿಯಾದರೋ ಹಲಗೆಯ ಅಂಚನ್ನು ನೋಡಿ, ಮರವನ್ನು ಎಷ್ಟರ ಮಟ್ಟಿಗೆ ಒಡೆದು ಮತ್ತೆ ಕೂಡಿಸಿದ್ದಾರೆಂಬುದನ್ನು ತಿಳಿಯಬೇಕು. ಇಲ್ಲಿ ಮರವೆಂದರೆ ಬಿದಿರೂ ಸೇರಿತೆಂದು ಅಧ್ಯಾಯದ ಟಿಪ್ಪಣಿ ಹೇಳುತ್ತದೆ. ಸಸ್ಯಶಾಸ್ತ್ರಜ್ಞರು ಒಪ್ಪದಿದ್ದರೂ ಬಂದರಿನಲ್ಲಿ ನಡೆಯುವುದು ಟಿಪ್ಪಣಿಯ ಮಾತೇ.

ಮೇಲೆ ಹೇಳಿದ ನನ್ನ ತಪ್ಪು 4411ನೆಯ ಶೀರ್ಷಿಕೆಗೆ ಸೇರಿದುದು. 2007ಕ್ಕೆ ಮೊದಲು ನಾರುಹಲಗೆಗಳನ್ನು ಸಾಂದ್ರತೆಯಿಂದ ಮಾತ್ರ ಬೇರ್ಪಡಿಸುತ್ತಿದ್ದರು. ಘನ ಸೆಂಟಿಮೀಟರಿಗೆ 0.8 ಗ್ರಾಮಿಗಿಂತ ಹೆಚ್ಚು ತೂಗುವುದು ಒಂದು ವರ್ಗ, 0.5ರಿಂದ 0.8ರವರೆಗಿನದು ಇನ್ನೊಂದು, ಅದಕ್ಕಿಂತ ಹಗುರವಾದುವು ಬೇರೆ. ಪ್ರತಿಯೊಂದರೊಳಗೂ ಮೇಲ್ಮೈಗೆ ಹೊದಿಕೆ ಅಥವಾ ಯಂತ್ರದ ಕೆಲಸ ಉಂಟೋ ಇಲ್ಲವೋ ಎಂಬ ವಿಭಾಗವಿತ್ತು. ಪಟ್ಟಿಯ ಬುನಾದಿಯನ್ನು ಹಾಕಿದ ಕಾಲಕ್ಕೆ, ನೀರಿನಲ್ಲಿ ನಾರನ್ನು ಹರಡಿ ಒತ್ತುವ ಹಳೆಯ ಗಟ್ಟಿಹಲಗೆಯೇ ಪ್ರಧಾನವಾಗಿತ್ತು. ಅನಂತರ ನಾರನ್ನು ಒಣಗಿಸಿ, ರಾಳದ ಅಂಟು ಸೇರಿಸಿ ಒತ್ತುವ ಹಲಗೆ, ಬಡಗಿಗಳ ಬಾಯಲ್ಲಿ ಎಂ.ಡಿ.ಎಫ್., ಮಾರುಕಟ್ಟೆಯನ್ನು ಆವರಿಸಿತು. ಅದರ ಬಹುಭಾಗ ನಡುವಿನ ವರ್ಗಕ್ಕೆ ಬೀಳುತ್ತಿತ್ತು. ಹೆಚ್ಚು ಒತ್ತಿದ ಹಲಗೆಯಾದರೆ 0.8ನ್ನು ದಾಟಿ ಹಳೆಯ ಗಟ್ಟಿಹಲಗೆಯೊಂದಿಗೆ ಬೆರೆತು ಹೋಗುತ್ತಿತ್ತು. 2007ರ ಪರಿಷ್ಕರಣವು ಒಣ ವಿಧಾನದ ಹಲಗೆಯನ್ನು ಪ್ರತ್ಯೇಕಿಸಿ, ಅದನ್ನು ದಪ್ಪದಿಂದ ಮೂರು ಭಾಗ ಮಾಡಿತು: 5 ಮಿಲಿಮೀಟರಿನವರೆಗೆ, 5ನ್ನು ಮೀರಿ 9ರವರೆಗೆ, 9ನ್ನು ಮೀರಿದುದು. ಸಾಂದ್ರತೆಯ ಭೇದ ಉಳಿದ ಹಲಗೆಗಳಿಗೆ ಮಾತ್ರ ಉಳಿಯಿತು. ತೂಕದಿಂದ ಅಳೆದ ಸಾಲನ್ನು ದಪ್ಪದಿಂದ ಅಳೆದ ಸಾಲಿಗೆ ಜೋಡಿಸುವ ದಾರಿಯಿಲ್ಲ. ಶೀರ್ಷಿಕೆಯ ಒಟ್ಟು ಮೊತ್ತವನ್ನು ಮಾತ್ರ ಎರಡೂ ಕಾಲಗಳಿಗೆ ಹೋಲಿಸಬಹುದು.

ಪ್ಲೈವುಡ್ಡಿನ ನ್ಯಾಯ ಬೇರೆ. ಅಲ್ಲಿ ಪ್ರತಿ ಪದರವೂ 6 ಮಿಲಿಮೀಟರಿಗೆ ಮೀರದಿರಬೇಕು. ಅನಂತರ ಹೊರಪದರ ಯಾವ ಜಾತಿಯ ಮರವೆಂಬುದರ ಮೇಲೆ ಉಪಶೀರ್ಷಿಕೆ ನಿಲ್ಲುತ್ತದೆ. ಎರಡು ಹೊರಪದರಗಳಲ್ಲಿ ಒಂದು ಉಷ್ಣವಲಯದ ಮರವಾದರೂ ಸಾಕು, ಹಲಗೆಯೆಲ್ಲ ಆ ವರ್ಗಕ್ಕೆ ಸೇರಿತು. ಒಳಗೆ ಏನಿದೆಯೆಂಬುದನ್ನು ಕೇಳುವುದಿಲ್ಲ. ಉಷ್ಣವಲಯದ ಕಾಡು ಎಷ್ಟು ಕರಗಿತೆಂದು ಈ ಅಂಕಿಗಳಿಂದ ಲೆಕ್ಕ ಹಾಕುವವರು ಇದನ್ನು ಗಮನಿಸತಕ್ಕದ್ದು. ಹೊರಪದರಕ್ಕೆ ಇಷ್ಟು ಬೆಲೆ ಬಂದಾಗ ವರ್ತಕರು ಅದನ್ನೇ ಬದಲಿಸುವುದು ಸಹಜ. ಅಮೆರಿಕವು ಚೀನಾದ ಗಟ್ಟಿಮರದ ಪ್ಲೈವುಡ್ಡಿಗೆ 2018ರಲ್ಲಿ ಪ್ರತಿಬಂಧಕ ಸುಂಕ ಹಾಕಿದ ಮೇಲೆ, ಮುಖಕ್ಕೂ ಬೆನ್ನಿಗೂ ಪೈನ್ ಪದರವನ್ನು ಅಂಟಿಸಿದ ಹಲಗೆಗಳು ಬಂದುವು. ಅದು ಸುಂಕವನ್ನು ತಪ್ಪಿಸುವ ಉಪಾಯವೆಂದು 2019ರಲ್ಲಿ ಅಲ್ಲಿನ ವಾಣಿಜ್ಯ ಇಲಾಖೆ ತೀರ್ಮಾನಿಸಿತು.

ನಮ್ಮಲ್ಲಿ ಹೆಚ್ಚಿನ ವಿವಾದಕ್ಕೆ ಕಾರಣವಾದುದು ಬ್ಲಾಕ್ ಬೋರ್ಡು. ಇದರ ನಡುವೆ ದಪ್ಪನಾದ ಮರದ ಪಟ್ಟಿಗಳು, ಮೇಲೆ ಕೆಳಗೆ ತೆಳುಪದರಗಳು. ಪದರದ ದಪ್ಪದ ನಿಯಮ ಅದಕ್ಕೆ ಹೊಂದುವುದಿಲ್ಲ. ಹಾಗಾದರೆ ಅದು ಪ್ಲೈವುಡ್ಡಿನ ಸಂಗಾತಿಯೋ, ಮರದ ಇತರ ಸಾಮಾನೋ? ಇದೇ ನಾಮಾವಳಿಯ ಮಾದರಿಯಲ್ಲಿ ರಚಿತವಾದ ಅಬಕಾರಿ ಸುಂಕದ ಪಟ್ಟಿಯನ್ನು ಕುರಿತು ಈ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ವುಡ್ ಕ್ರಾಫ್ಟ್ ಪ್ರಾಡಕ್ಟ್ಸ್ ಮೊಕದ್ದಮೆಯ 1995ರ ತೀರ್ಪು ಅದನ್ನು ಪ್ಲೈವುಡ್ಡಿಗೆ ಸದೃಶವಾದ ಪದರಮರವೆಂದು ಎಣಿಸಿತು. ಭಾರತೀಯ ಮಾನಕ ಸಂಸ್ಥೆಯ ಪಾರಿಭಾಷಿಕ ಕೋಶ ಬೇರೆ ಉದ್ದೇಶದ್ದೆಂದೂ, ಪಟ್ಟಿಗೆ ಮೂಲವಾದ ಅಂತರರಾಷ್ಟ್ರೀಯ ನಾಮಾವಳಿಯನ್ನೇ ಆಶ್ರಯಿಸಬೇಕೆಂದೂ ನ್ಯಾಯಾಲಯ ಹೇಳಿತು. ಬಳಿಕದ ವರ್ಗೀಕರಣದ ವ್ಯಾಜ್ಯಗಳಲ್ಲಿ ಈ ತೀರ್ಪು ಮತ್ತೆ ಮತ್ತೆ ಉಲ್ಲೇಖಗೊಂಡಿದೆ. ಬ್ಲಾಕ್ ಬೋರ್ಡಿಗೆ ಹೊರಪದರದ ಜಾತಿಯನ್ನನುಸರಿಸಿ ಪ್ರತ್ಯೇಕ ಉಪಶೀರ್ಷಿಕೆಗಳು ದೊರೆತುದು 2022ರ ಪರಿಷ್ಕರಣದಲ್ಲಿ.

ದಪ್ಪದ ಗೆರೆಗಳಿಂದ ಆಗುವ ತೊಡಕಿಗೆ ನಮ್ಮದೇ ನಿದರ್ಶನವುಂಟು. ಚೀನಾ, ಮಲೇಷಿಯಾ, ಥಾಯ್ಲೆಂಡ್, ಶ್ರೀಲಂಕಾಗಳಿಂದ ಬರುತ್ತಿದ್ದ ಸಾದಾ ಎಂ.ಡಿ.ಎಫ್. ಹಲಗೆಗೆ ಭಾರತ 2009ರಲ್ಲಿ ಪ್ರತಿಬಂಧಕ ಸುಂಕ ವಿಧಿಸಿದಾಗ, ಅದನ್ನು 6 ಮಿಲಿಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ದಪ್ಪದ ಹಲಗೆಗೆ ಸೀಮಿತಗೊಳಿಸಿತು. ನಾಮಾವಳಿಯ ಗೆರೆಗಳಾದರೋ 5ರಲ್ಲಿ ಮತ್ತು 9ರಲ್ಲಿವೆ. ಆದುದರಿಂದ ನಡುವಿನ 4411.13ನೆಯ ಉಪಶೀರ್ಷಿಕೆಯೊಳಗೆ ಸುಂಕಕ್ಕೆ ಒಳಪಟ್ಟ ಹಲಗೆಯೂ ಒಳಪಡದ ಹಲಗೆಯೂ ಕೂಡಿ ಎಣಿಕೆಯಾಗಿವೆ. ಈ ಸುಂಕದ ಪರಿಣಾಮವನ್ನು ಅಳೆಯಬಯಸುವ ವಿದ್ಯಾರ್ಥಿಯು ವಾರ್ಷಿಕ ಮೊತ್ತಗಳನ್ನು ಬಿಟ್ಟು, ದಪ್ಪವನ್ನು ನಮೂದಿಸಿದ ಆಮದು ಘೋಷಣಾಪತ್ರಗಳನ್ನೇ ಒಂದೊಂದಾಗಿ ನೋಡಬೇಕಾಗುತ್ತದೆ.