ನಶೆ ಇಳಿಯುವ ದಿನಗಳಲ್ಲಿ ಸೂಜಿ, ವಿದ್ಯುತ್ತು, ಅಪ್ಪುಗೆ

ಅಫೀಮು, ಹೆರಾಯಿನ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳು ಎಲ್ಲವೂ ಓಪಿಯಾಯ್ಡ್ ಎಂಬ ಒಂದೇ ಕುಲದವು. ಇವಕ್ಕೆ ಒಗ್ಗಿಹೋದವರು ಒಮ್ಮೆಲೇ ನಿಲ್ಲಿಸಿದರೆ ಏನಾಗುತ್ತದೆ ಎಂಬುದನ್ನು ವೈದ್ಯರು ಗಂಟೆಗಳ ಲೆಕ್ಕದಲ್ಲಿ ಹೇಳಬಲ್ಲರು. ಹೆರಾಯಿನ್ ಆದರೆ ಕೊನೆಯ ಸೇವನೆಯಾದ ಎಂಟು-ಹನ್ನೆರಡು ಗಂಟೆಗಳಲ್ಲಿ ಆಕಳಿಕೆ ಶುರುವಾಗುತ್ತದೆ, ಕಣ್ಣು ಮೂಗು ಸೋರುತ್ತವೆ, ಮೈ ಜುಮ್ಮೆಂದು ರೋಮ ನಿಮಿರುತ್ತದೆ. ಎರಡನೇ ಮೂರನೇ ದಿನಕ್ಕೆ ಹೊಟ್ಟೆ ನುಲಿತ, ವಾಂತಿ, ಭೇದಿ, ಮೂಳೆಯೊಳಗಿಂದ ಬಂದಂಥ ನೋವು, ಕಾಲನ್ನು ಒಂದೆಡೆ ಇಡಲಾಗದ ಚಡಪಡಿಕೆ ಮತ್ತು ನಿದ್ರೆಯಿಲ್ಲದ ರಾತ್ರಿ. ಒಂದು ವಾರದ ಹೊತ್ತಿಗೆ ಇದೆಲ್ಲ ಬಹುಪಾಲು ತಗ್ಗುತ್ತದೆ. ಮಿದುಳಿನ ಬುಡದಲ್ಲಿ ನಾರ್‌ಅಡ್ರಿನಲಿನ್ ಉಣಿಸುವ ಒಂದು ಪುಟ್ಟ ನರಕೋಶ ಗುಂಪಿದೆ. ಓಪಿಯಾಯ್ಡ್ ಅದನ್ನು ಅದುಮುತ್ತಿದ್ದಷ್ಟು ಕಾಲ ಅದು ಎದುರುಬಲ ಬೆಳೆಸಿಕೊಂಡಿರುತ್ತದೆ. ಹಗ್ಗಜಗ್ಗಾಟದಲ್ಲಿ ಎದುರಾಳಿಗಳು ಸರಕ್ಕನೆ ಕೈಬಿಟ್ಟರೆ ಆಗುವಂತೆ, ಮದ್ದು ನಿಂತ ಕೂಡಲೇ ಆ ಬಲವೆಲ್ಲ ಮುಗ್ಗರಿಸಿ ಮೈಮೇಲೆ ಬೀಳುತ್ತದೆ. ಈ ಯಾತನೆಯನ್ನು ಔಷಧಿಯಿಲ್ಲದೆ, ಸೂಜಿಯಿಂದಲೋ ವಿದ್ಯುತ್ತಿನಿಂದಲೋ ನೀರು-ಸ್ಪರ್ಶಗಳಿಂದಲೋ ತಗ್ಗಿಸಬಹುದೇ? ತಗ್ಗಿಸಬಹುದು ಎಂದೇ ಪುರಾವೆಗಳನ್ನು ಓದಿದಾಗ ನನಗೆ ಅನ್ನಿಸುತ್ತದೆ. ಆದರೆ ತಗ್ಗಿಸುವುದನ್ನೇ ಗುಣಪಡಿಸುವುದು ಎಂದು ತಿಳಿದಲ್ಲೆಲ್ಲ ಅಪಾಯವಾಗಿದೆ.

ಈ ಕಥೆಯ ಒಂದು ತುದಿ ಹಾಂಗ್‌ಕಾಂಗ್‌ನಲ್ಲಿದೆ. 1972ರಲ್ಲಿ ಅಲ್ಲಿನ ನರಶಸ್ತ್ರವೈದ್ಯ ಎಚ್.ಎಲ್. ವೆನ್, ಶಸ್ತ್ರಕ್ರಿಯೆಗೆ ಮುನ್ನ ರೋಗಿಯೊಬ್ಬನಿಗೆ ನೋವು ನಿವಾರಣೆಗೆಂದು ಆಕ್ಯುಪಂಕ್ಚರ್ ಸೂಜಿಗಳ ಮೂಲಕ ಸಣ್ಣ ವಿದ್ಯುತ್ ಹರಿಸಿದರು. ಆತ ಅಫೀಮಿನ ದಾಸ. ನೋವಿನ ಮಾತು ಹಾಗಿರಲಿ, ಅಫೀಮು ಸಿಗದೆ ಆಗುತ್ತಿದ್ದ ಸಂಕಟವೇ ಹೋಯಿತು ಎಂದನಂತೆ. ಮರುವರ್ಷ ವೆನ್ ಮತ್ತು ಚಿಯುಂಗ್ ನಲವತ್ತು ರೋಗಿಗಳ ಅನುಭವ ಪ್ರಕಟಿಸಿದರು. ಆ ಸುದ್ದಿ ನ್ಯೂಯಾರ್ಕಿನ ಸೌತ್ ಬ್ರಾಂಕ್ಸ್‌ನ ಲಿಂಕನ್ ಆಸ್ಪತ್ರೆಗೆ ಮುಟ್ಟಿ, ಅಲ್ಲಿ ವಿದ್ಯುತ್ತನ್ನು ಕೈಬಿಟ್ಟು ಕಿವಿಯ ಐದು ಜಾಗಗಳಿಗೆ ಸೂಜಿ ಚುಚ್ಚುವ ಪದ್ಧತಿಯಾಯಿತು. ಹಾಂಗ್‌ಕಾಂಗ್‌ನಲ್ಲಿ ವೆನ್ ಜೊತೆಗಿದ್ದ ಸ್ಕಾಟ್ಲೆಂಡಿನ ಶಸ್ತ್ರವೈದ್ಯೆ ಮೆಗ್ ಪ್ಯಾಟರ್ಸನ್ ಸೂಜಿಯನ್ನೇ ಬಿಟ್ಟು ಬರೀ ವಿದ್ಯುತ್ತನ್ನು ಇಂಗ್ಲೆಂಡಿಗೆ ಒಯ್ದರು. ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್ ಹೆರಾಯಿನ್ ಬಿಟ್ಟದ್ದು ಅವರ ಆರೈಕೆಯಲ್ಲಿ. ಆಮೇಲೆ ಆತ ಕುಡಿತಕ್ಕೆ ಬಿದ್ದ ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ.

ಸೂಜಿ-ವಿದ್ಯುತ್ತು ಕೆಲಸ ಮಾಡುವ ಬಗೆಗೊಂದು ವಿವರಣೆ ಸಿಕ್ಕಿದ್ದು ಬೀಜಿಂಗ್‌ನಲ್ಲಿ. ಹಾನ್ ಜಿಶೆಂಗ್ ಎಂಬ ಶರೀರವಿಜ್ಞಾನಿ ವಿದ್ಯುತ್ತಿನ ಆವರ್ತನ ಬದಲಾದಂತೆ ದೇಹವೇ ಒಸರಿಸುವ ಓಪಿಯಾಯ್ಡ್ ಕೂಡ ಬದಲಾಗುತ್ತದೆ ಎಂದು ತೋರಿಸಿದರು. ಸೆಕೆಂಡಿಗೆ ಎರಡು ಮಿಡಿತವಾದರೆ ಎನ್‌ಕೆಫಾಲಿನ್ ಮತ್ತು ಎಂಡಾರ್ಫಿನ್, ನೂರು ಮಿಡಿತವಾದರೆ ಡೈನಾರ್ಫಿನ್. ಓಪಿಯಾಯ್ಡ್‌ಗಳನ್ನು ತಡೆಯುವ ನಾಲಾಕ್ಸೋನ್ ಕೊಟ್ಟರೆ ಆಕ್ಯುಪಂಕ್ಚರಿನ ನೋವುಶಮನ ಕುಗ್ಗುತ್ತದೆ ಎಂಬುದನ್ನು ಎಪ್ಪತ್ತರ ದಶಕದಲ್ಲೇ ಪಶ್ಚಿಮದ ಪ್ರಯೋಗಾಲಯಗಳೂ ಕಂಡಿದ್ದವು. ಹಾಗಾಗಿ ಇದನ್ನು ಮಂತ್ರ-ತಂತ್ರವೆಂದು ತಳ್ಳಿಹಾಕುವವರು ತುಸು ತಡೆಯಬೇಕು. ಆದರೆ 1978ರಲ್ಲಿ ಲೆವಿನ್, ಗಾರ್ಡನ್ ಮತ್ತು ಫೀಲ್ಡ್ಸ್ ಎಂಬ ಸಂಶೋಧಕರು ಇನ್ನೊಂದು ಸಂಗತಿಯನ್ನೂ ಕಂಡುಹಿಡಿದರು. ಹಲ್ಲು ಕಿತ್ತ ರೋಗಿಗಳಿಗೆ ಹುಸಿಮದ್ದು ಕೊಟ್ಟಾಗ ಸಿಕ್ಕ ನೋವುಶಮನವನ್ನೂ ನಾಲಾಕ್ಸೋನ್ ತಡೆಯುತ್ತಿತ್ತು. ಅಂದರೆ ಗುಣವಾಗುತ್ತದೆಂಬ ನಿರೀಕ್ಷೆಯೂ ಎಂಡಾರ್ಫಿನ್ ಮೂಲಕವೇ ಕೆಲಸ ಮಾಡುತ್ತದೆ. ದೇಹದಲ್ಲಿ ಎಂಡಾರ್ಫಿನ್ ಒಸರಿತು ಎಂದ ಮಾತ್ರಕ್ಕೆ ಒಸರಿಸಿದ್ದು ಸೂಜಿಯೇ ಎನ್ನಲಾಗದು.

ಆದ್ದರಿಂದ ನೋಡಬೇಕಾದದ್ದು ಹೋಲಿಕೆಯ ಪ್ರಯೋಗಗಳನ್ನು. ಅಲ್ಲಿ ಉತ್ಸಾಹ ಇಳಿಯುತ್ತದೆ. 1984ರಲ್ಲಿ ಲಂಡನ್ನಿನ ವೈದ್ಯರು ವಿದ್ಯುತ್ ಚಿಕಿತ್ಸೆಯನ್ನು ಮೆಥಡೋನ್ ಎಂಬ ಬದಲಿ ಓಪಿಯಾಯ್ಡ್ ಔಷಧಿಯ ಜೊತೆ ತೂಗಿದಾಗ ಗೆದ್ದದ್ದು ಮೆಥಡೋನ್. 2009ರಲ್ಲಿ ಪ್ರಕಟವಾದ ಇನ್ನೊಂದು ಬ್ರಿಟಿಷ್ ಅಧ್ಯಯನದಲ್ಲಿ ಎಲ್ಲರಿಗೂ ಮೆಥಡೋನ್ ಕೊಟ್ಟು, ಕೆಲವರ ಕಿವಿಗೆ ಸೂಜಿ, ಉಳಿದವರ ಕಿವಿಗೆ ಬರೀ ಕ್ಲಿಪ್ ಹಾಕಿದರು. ಸಂಕಟದಲ್ಲಿ ವ್ಯತ್ಯಾಸವಾಗಲಿಲ್ಲ. 2017ರ ನವೆಂಬರಿನಲ್ಲಿ ಅಮೆರಿಕದ ಎಫ್‌ಡಿಎ ಮಾರಾಟಕ್ಕೆ ಒಪ್ಪಿಗೆ ಕೊಟ್ಟ 'ಬ್ರಿಡ್ಜ್' ಎಂಬ ಸಾಧನ, ಕಿವಿಯ ಹಿಂದೆ ಐದು ದಿನ ಅಂಟಿಸಿಕೊಳ್ಳುವಂಥದು, ಕಿವಿಯ ಸುತ್ತಲಿನ ಕಪಾಲನರಗಳ ಕವಲುಗಳಿಗೆ ಮಿಡಿತ ಕೊಡುತ್ತದೆ. ಅದಕ್ಕೆ ಆಧಾರ 73 ರೋಗಿಗಳ ದಾಖಲೆ. ಅವರ ಸಂಕಟದ ಅಂಕ ಸರಾಸರಿ 20ರಿಂದ ಇಪ್ಪತ್ತೇ ನಿಮಿಷದಲ್ಲಿ 7.5ಕ್ಕೆ ಇಳಿಯಿತು. ದಿನಗಟ್ಟಲೆ ಏರುವ ಯಾತನೆ ಇಪ್ಪತ್ತು ನಿಮಿಷದಲ್ಲಿ ತಾನಾಗಿ ಇಳಿಯುವುದಿಲ್ಲ, ಏನೋ ನಡೆದದ್ದಂತೂ ನಿಜ. ಆದರೆ ಹುಸಿಸಾಧನ ಹಾಕಿಕೊಂಡ ಇನ್ನೊಂದು ಗುಂಪೇ ಅಲ್ಲಿರಲಿಲ್ಲ. ನಡೆದದ್ದು ವಿದ್ಯುತ್ತಿನಿಂದಲೋ ಭರವಸೆಯಿಂದಲೋ ಹೇಳುವ ದಾರಿಯಿಲ್ಲ.

ನರಳುವವನಿಗೆ ನೆಮ್ಮದಿ ಸಿಕ್ಕರೆ ಸಾಲದೆ, ಅದು ಭರವಸೆಯದ್ದಾದರೇನು ಎಂದು ಯಾರಾದರೂ ಕೇಳಿಯಾರು. ಆ ಕ್ಷಣದ ಮಟ್ಟಿಗೆ ಸಾಕು. ಆದರೆ ದುಬಾರಿ ಯಂತ್ರಕ್ಕೆ ಹಣ ಕೊಡುವವರಿಗೆ, ಅದೇ ನೆಮ್ಮದಿ ಬಿಸಿನೀರ ಸ್ನಾನದಿಂದಲೂ ಕಾಲೊತ್ತುವ ಕೈಗಳಿಂದಲೂ ಸಿಗುತ್ತದೆಯೇ ಎಂದು ತಿಳಿಯುವ ಹಕ್ಕಿದೆ. ಇದು ಬರೀ ಕುತರ್ಕವಲ್ಲ. ಮದ್ದಿಲ್ಲದ ಆರೈಕೆಗೆ ಈ ಕ್ಷೇತ್ರದಲ್ಲಿ ಸಿಕ್ಕಿರುವ ಅತಿ ಗಟ್ಟಿಯಾದ ಪುರಾವೆ ಯಾವ ಯಂತ್ರದ್ದೂ ಅಲ್ಲ, ನವಜಾತ ಶಿಶುಗಳದ್ದು. ಗರ್ಭದಲ್ಲಿದ್ದಾಗ ತಾಯಿಯಿಂದ ಓಪಿಯಾಯ್ಡ್ ಪಡೆದ ಮಗು ಹುಟ್ಟಿದ ಮೇಲೆ ಇದೇ ಸಂಕಟಕ್ಕೆ ಬೀಳುತ್ತದೆ. ಲಕ್ಷಣಗಳಿಗೆ ಅಂಕ ಹಾಕಿ, ಅಂಕ ಏರಿದರೆ ಮಾರ್ಫಿನ್ ಹನಿ ಕೊಡುವುದು ರೂಢಿಯಾಗಿತ್ತು. ಅಮೆರಿಕದ 26 ಆಸ್ಪತ್ರೆಗಳಲ್ಲಿ 1305 ಶಿಶುಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ಬೇರೆಯೇ ಮೂರು ಪ್ರಶ್ನೆ ಕೇಳಿತು: ಮಗು ಹಾಲು ಕುಡಿಯುತ್ತಿದೆಯೇ, ನಿದ್ದೆ ಮಾಡುತ್ತಿದೆಯೇ, ಎತ್ತಿಕೊಂಡರೆ ಸುಮ್ಮನಾಗುತ್ತದೆಯೇ? ಇಲ್ಲವೆಂದರೆ ಮೊದಲು ಮಂದ ಬೆಳಕು, ಬಟ್ಟೆಯ ಸುತ್ತು, ತಾಯಿಯ ಮೈಶಾಖ, ಎದೆಹಾಲು, ಮದ್ದು ಆಮೇಲೆ. ಔಷಧಿ ಬೇಕಾದ ಶಿಶುಗಳ ಪ್ರಮಾಣ ಶೇ. 52ರಿಂದ ಶೇ. 19.5ಕ್ಕೆ ಇಳಿಯಿತು. ಮನೆಗೆ ಹೋಗಲು ಸಿದ್ಧವಾಗಲು 14.9 ದಿನ ಹಿಡಿಯುತ್ತಿದ್ದದ್ದು 8.2 ದಿನಕ್ಕೆ ಬಂತು. ಮದ್ದು ಯಾವಾಗ ಕೊಡಬೇಕೆಂಬ ಮಾನದಂಡವೇ ಬದಲಾದ್ದರಿಂದ ಈ ಇಳಿಕೆಯ ಒಂದು ಪಾಲು ಅದರಿಂದಲೂ ಬಂದಿರಬಹುದು ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೂ ಅಪ್ಪುಗೆಯನ್ನು ಚಿಕಿತ್ಸೆಯೆಂದು ಬರೆದುಕೊಳ್ಳಲು ವೈದ್ಯರಿಗೆ ಇಷ್ಟು ಕಾಲ ಬೇಕಾಯಿತಲ್ಲ!

ಶಿಶುವಿಗೂ ವಯಸ್ಕರಿಗೂ ಒಂದು ದೊಡ್ಡ ವ್ಯತ್ಯಾಸವಿದೆ. ಮಗು ಸಂಕಟ ದಾಟಿದ ಮೇಲೆ ಹೆರಾಯಿನ್ ಹುಡುಕಿಕೊಂಡು ಹೋಗುವುದಿಲ್ಲ. ವಯಸ್ಕ ಹೋಗಬಹುದು, ಮತ್ತು ಆ ಹೊತ್ತಿಗೆ ಅವನ ದೇಹ ಹಳೆಯ ಪ್ರಮಾಣವನ್ನು ತಾಳಿಕೊಳ್ಳುವ ಶಕ್ತಿ ಕಳೆದುಕೊಂಡಿರುತ್ತದೆ. ಬ್ರಿಟನ್ನಿನಲ್ಲಿ ಒಳರೋಗಿಗಳಾಗಿದ್ದ 137 ಮಂದಿಯ ಮುಂದಿನ ಗತಿಯನ್ನು ಹಿಂಬಾಲಿಸಿದ 2003ರ ಅಧ್ಯಯನದಲ್ಲಿ, ಮಿತಿಮೀರಿದ ಸೇವನೆಯಿಂದ ನಾಲ್ಕೇ ತಿಂಗಳೊಳಗೆ ಸತ್ತ ಮೂವರೂ ಚಿಕಿತ್ಸೆಯನ್ನು ಯಶಸ್ವಿಯಾಗಿ ಮುಗಿಸಿದವರೇ ಆಗಿದ್ದರು. ಅದೇ ವರ್ಷ ಸ್ವೀಡನ್ನಿನಿಂದ ಬಂದ ವರದಿ ಇನ್ನೂ ಕಠೋರ. ನಲವತ್ತು ಜನರಲ್ಲಿ ಅರ್ಧ ಮಂದಿಗೆ ವರ್ಷವಿಡೀ ಬ್ಯುಪ್ರಿನಾರ್ಫಿನ್ ಎಂಬ ಬದಲಿ ಔಷಧಿ ಕೊಟ್ಟರು. ಉಳಿದ ಅರ್ಧಕ್ಕೆ ಆರು ದಿನ ಇಳಿಪ್ರಮಾಣದಲ್ಲಿ ಕೊಟ್ಟು ಆಮೇಲೆ ಹುಸಿಮಾತ್ರೆ, ಜೊತೆಗೆ ಎರಡೂ ಗುಂಪುಗಳಿಗೆ ಸಮಾನವಾದ ಆಪ್ತಸಮಾಲೋಚನೆ. ವರ್ಷದ ಕೊನೆಗೆ ಮೊದಲ ಗುಂಪಿನ ನೂರಕ್ಕೆ ಎಪ್ಪತ್ತೈದು ಪಾಲು ಚಿಕಿತ್ಸೆಯಲ್ಲಿದ್ದರು. ಎರಡನೆಯದರಲ್ಲಿ ಒಬ್ಬರೂ ಉಳಿದಿರಲಿಲ್ಲ, ನಾಲ್ವರು ಸತ್ತಿದ್ದರು. ಒಂದು ನಶೆಯ ಬದಲು ಇನ್ನೊಂದು ನಶೆ ಎಂದು ಬ್ಯುಪ್ರಿನಾರ್ಫಿನ್ ಅನ್ನು ಹಳಿಯುವವರು ಈ ಅಂಕಿಗಳಿಗೆ ಉತ್ತರ ಕೊಡಬೇಕು. ಅದು ಓಪಿಯಾಯ್ಡೇ ಹೌದು. ಆದರೆ ಅದರ ಪರಿಣಾಮ ಒಂದು ಮಿತಿಯಲ್ಲಿ ನಿಲ್ಲುತ್ತದೆ, ದಿನಕ್ಕೊಮ್ಮೆ ಸಾಕು, ತೆಗೆದುಕೊಂಡವರು ಕೆಲಸಕ್ಕೆ ಹೋಗಬಲ್ಲರು. 'ಮದ್ದೇ ಇಲ್ಲದೆ ಬಿಡಿಸುತ್ತೇವೆ' ಎಂಬ ಫಲಕವನ್ನು ಕಂಡಾಗ ನನಗೆ ಭಯವಾಗುವುದು ಇದಕ್ಕೇ.

ಹಾಗಾದರೆ ದೈಹಿಕ ಚಿಕಿತ್ಸೆಗಳಿಗೆ ಜಾಗ ಎಲ್ಲಿ? ಬ್ಯುಪ್ರಿನಾರ್ಫಿನ್‌ನ ಸ್ವಭಾವದಲ್ಲೇ ಒಂದು ಉತ್ತರವಿದೆ. ದೇಹದಲ್ಲಿ ಹೆರಾಯಿನ್ ತುಂಬಿರುವಾಗಲೇ ಕೊಟ್ಟರೆ ಅದು ಹೆರಾಯಿನ್ ಅನ್ನು ಒದ್ದೋಡಿಸಿ ಸಂಕಟವನ್ನು ಒಮ್ಮೆಗೇ ಕೆರಳಿಸುತ್ತದೆ. ಆದ್ದರಿಂದ ಲಕ್ಷಣಗಳು ಕಾಣುವವರೆಗೆ, ಸಾಮಾನ್ಯವಾಗಿ ಅರ್ಧ ದಿನದಿಂದ ಒಂದು ದಿನ, ಕಾಯಬೇಕು. ಓಪಿಯಾಯ್ಡ್ ಅನ್ನು ತಡೆಯುವ ನಾಲ್ಟ್ರೆಕ್ಸೋನ್ ಎಂಬ ಔಷಧಿ ಕೊಡುವುದಾದರೆ ವಾರ-ಹತ್ತು ದಿನವೇ ಕಾಯಬೇಕು. ರೋಗಿಗಳು ಎದ್ದುಹೋಗುವುದು ಬಹುಮಟ್ಟಿಗೆ ಈ ಕಾಯುವಿಕೆಯಲ್ಲೇ. ಸೂಜಿಯೋ ಕಿವಿಯ ಸಾಧನವೋ ಬಿಸಿನೀರೋ ಮಸಾಜೋ ಅವರನ್ನು ಅಷ್ಟು ಹೊತ್ತು ಹಾಸಿಗೆಯಲ್ಲಿ ಉಳಿಸಿದರೆ ಅದು ಸಣ್ಣ ಸೇವೆಯಲ್ಲ. ವಾಂತಿ-ಭೇದಿಯಿಂದ ನೀರು ಕಳೆದುಕೊಂಡವರಿಗೆ ಓಆರ್‌ಎಸ್ ಕುಡಿಸುವುದಂತೂ ಜೀವ ಉಳಿಸುವ ಕೆಲಸ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಯೋಗವನ್ನು ಪರೀಕ್ಷಿಸಿದ್ದು ಕೂಡ ಬ್ಯುಪ್ರಿನಾರ್ಫಿನ್‌ಗೆ ಜೊತೆಯಾಗಿ, ಬದಲಾಗಿ ಅಲ್ಲ. ಕುಡಿತ ಬಿಡುವವರಿಗೆ ಮಾತ್ರ ಈ ಲೆಕ್ಕ ಹೊಂದದು: ಅಲ್ಲಿ ಫಿಟ್ಸ್, ಸನ್ನಿ, ಸಾವು ಬರಬಹುದು, ಔಷಧಿ ಬೇಕೇ ಬೇಕು. ಗರ್ಭಿಣಿಯರಲ್ಲಿ ಓಪಿಯಾಯ್ಡ್ ಅನ್ನು ಥಟ್ಟನೆ ನಿಲ್ಲಿಸುವುದೇ ಸಲ್ಲ.

ಭಾರತದಲ್ಲಿ 2019ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಸುಮಾರು 77 ಲಕ್ಷ ಜನರಿಗೆ ಓಪಿಯಾಯ್ಡ್ ಬಳಕೆಯಿಂದಾಗಿ ನೆರವು ಬೇಕಿದೆ. ಇಲ್ಲಿ ಯಾರಾದರೂ ಹೊಸ ಸಾಧನವನ್ನೋ ಹಳೆಯ ಪದ್ಧತಿಯನ್ನೋ ತಂದು ಮುಂದಿಟ್ಟರೆ ಇಪ್ಪತ್ತು ನಿಮಿಷದ ಅಂಕವನ್ನು ಕೇಳುವ ಮೊದಲು ಬೇರೆರಡು ಅಂಕಿಗಳನ್ನು ಕೇಳಬೇಕು: ಅದನ್ನು ಬಳಸಿದವರಲ್ಲಿ ಎಷ್ಟು ಮಂದಿ ಮುಂದಿನ ಔಷಧಿಗೆ ದಾಟಿದರು, ಆರು ತಿಂಗಳ ನಂತರ ಎಷ್ಟು ಮಂದಿ ಬದುಕಿದ್ದರು. 'ಬ್ರಿಡ್ಜ್' ಬಳಸಿದ 73 ಮಂದಿಯಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪಾಲು ಔಷಧಿ ಚಿಕಿತ್ಸೆಗೆ ದಾಟಿದ್ದರು ಎಂದು ಆ ವರದಿಯೇ ಹೇಳುತ್ತದೆ. ಸಾಧನವಿಲ್ಲದ ಗುಂಪೊಂದನ್ನು ಪಕ್ಕಕ್ಕಿಟ್ಟು ಮತ್ತೆ ಎಣಿಸಬೇಕಾದದ್ದು ಈ ಅಂಕಿಯನ್ನೇ.